ಪಾಯಿಂಟರ್ ಕಾಸ್ಟ್ ಮಾಡದೆ ಬಿಎಂಪಿ ಓದಿದ್ದು

ಒಂದು ಪುಟ್ಟ ಟಿಎಫ್‌ಟಿ ಪರದೆಯ ಮೇಲೆ ಬಿಎಂಪಿ ಚಿತ್ರ ತೋರಿಸುವ ಕೋಡ್ ಬರೆದೆ. ಭಾಷೆ ಸಿ, ಚಿಪ್ ಕಾರ್ಟೆಕ್ಸ್-ಎಂ0 ಎಂಬ ಪುಟ್ಟ ಪ್ರೊಸೆಸರ್ ಇರುವಂಥದ್ದು. ಚಿತ್ರ 126 ಪಿಕ್ಸೆಲ್ ಅಗಲ, 160 ಪಿಕ್ಸೆಲ್ ಎತ್ತರ, ಬಣ್ಣ 24 ಬಿಟ್. ಇಡೀ ಫೈಲನ್ನು ಬೈಟ್ ಅರೇ ಮಾಡಿ ಫ್ಲ್ಯಾಶ್ ಮೆಮೊರಿಯಲ್ಲಿ ಇಟ್ಟಿದ್ದೆ.

ಇದಕ್ಕೆ ಥಟ್ಟನೆ ಹೊಳೆಯುವ ದಾರಿ ಎಲ್ಲರಿಗೂ ಗೊತ್ತು. ಹೆಡರ್‌ಗೆ (ಫೈಲಿನ ಶುರುವಿನಲ್ಲಿರುವ ವಿವರಗಳ ಭಾಗ) ಹೊಂದುವ ಒಂದು ಸ್ಟ್ರಕ್ಟ್ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಟೈಪ್) ಬರೆಯುವುದು, ಅರೇಯ ವಿಳಾಸವನ್ನು ಆ ಸ್ಟ್ರಕ್ಟ್‌ನ ಪಾಯಿಂಟರ್ (ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಆಗಿ ಕಾಸ್ಟ್ ಮಾಡುವುದು, ಅಂದರೆ ಅದರ ಟೈಪ್ ಬದಲಿಸುವುದು. ನೋಡಲು ಚೆಂದ. ಆದರೂ ನಾನು ಬೇಡ ಅಂದುಕೊಂಡೆ. ಬಿಎಂಪಿ ಫೈಲಿನ ಮೊದಲ ಎರಡು ಬೈಟ್‌ನಲ್ಲಿ ಬಿ, ಎಂ ಅಕ್ಷರಗಳಿರುತ್ತವೆ. ಇವೆರಡರಿಂದಾಗಿ ಮುಂದಿನ 32 ಬಿಟ್ ಸಂಖ್ಯೆಗಳೆಲ್ಲ ಎರಡು ಬೈಟ್ ಸರಿದು ಕೂತಿವೆ. ಸೊನ್ನೆಯಿಂದ ಎಣಿಸಿದರೆ ಫೈಲಿನ ಗಾತ್ರ 2ರಲ್ಲಿ, ಪಿಕ್ಸೆಲ್‌ಗಳು ಶುರುವಾಗುವ ಜಾಗದ ಲೆಕ್ಕ 10ರಲ್ಲಿ, ಅಗಲ 18ರಲ್ಲಿ, ಎತ್ತರ 22ರಲ್ಲಿ. ಒಂದನ್ನೂ ನಾಲ್ಕರಿಂದ ಭಾಗಿಸಲು ಆಗಲ್ಲ ಅಲ್ವಾ?

ಸ್ಟ್ರಕ್ಟ್ ಬರೆದರೆ, 32 ಬಿಟ್ ಸಂಖ್ಯೆ ನಾಲ್ಕರ ಗಡಿಯಲ್ಲೇ ಕೂರಲಿ ಅಂತ ಕಂಪೈಲರ್ ಆ ಎರಡು ಅಕ್ಷರಗಳ ನಂತರ ಇನ್ನೆರಡು ಖಾಲಿ ಬೈಟ್ ತುರುಕುತ್ತದೆ. 14 ಬೈಟಿನ ಫೈಲ್ ಹೆಡರ್ 16 ಆಗಿಬಿಡುತ್ತದೆ. ಪ್ಯಾಕ್ಡ್ ಅಂತ ಹೇಳಿ ಖಾಲಿ ಜಾಗ ತೆಗೆಸಬಹುದು. ಆದರೆ ಮುಂದೆ ಯಾರೋ ಅಗಲದ ವಿಳಾಸವನ್ನು ಸುಮ್ನೆ ಒಂದು 32 ಬಿಟ್ ಪಾಯಿಂಟರ್‌ಗೆ ಹಾಕಿಕೊಂಡು ಓದಿದರೆ ಎಂ0 ಹಾರ್ಡ್‌ಫಾಲ್ಟ್‌ಗೆ ಹೋಗುತ್ತದೆ, ಅಂದರೆ ದೋಷ ಕಂಡು ಕೋಡ್ ಅಲ್ಲೇ ನಿಲ್ಲುತ್ತದೆ. ನಾಲ್ಕರ ಗಡಿಯಲ್ಲಿ ಇಲ್ಲದ 32 ಬಿಟ್ಟನ್ನು ಒಟ್ಟಿಗೆ ಎತ್ತಲು ಆ ಚಿಪ್‌ಗೆ ಬರುವುದಿಲ್ಲ. ಅದೇ ಕೋಡ್ ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರ್ ಮೇಲೆ ಸಾಮಾನ್ಯವಾಗಿ ಸಲೀಸಾಗಿ ಓಡುತ್ತದೆ. ಅಪಾಯ ಇರುವುದೇ ಅಲ್ಲಿ. ಪಾಯಿಂಟರ್ ಕಾಸ್ಟ್ ಮೆಮೊರಿಯಲ್ಲಿ ಒಂದು ಬಿಟ್ಟನ್ನೂ ಬದಲಿಸುವುದಿಲ್ಲ. ಇಲ್ಲಿ ಇಂಥ ಟೈಪ್ ಇದೆ, ಸರಿಯಾದ ಗಡಿಯಲ್ಲೇ ಇದೆ ಅಂತ ನಾವು ಕಂಪೈಲರ್‌ಗೆ ಮಾತು ಕೊಡುತ್ತೇವೆ, ಅಷ್ಟೇ.

ಹಾಗಾಗಿ ಕೊನೆಯವರೆಗೂ ಬೈಟ್ ಪಾಯಿಂಟರನ್ನೇ ಇಟ್ಟುಕೊಂಡೆ. ಅದರ ಹೆಸರು ಪಿ ಅನ್ನೋಣ. ಪಿ + 18 ಅಂದರೆ ನಿಜವಾಗಿಯೂ 18 ಬೈಟ್ ಮುಂದೆ. ಪಿ 32 ಬಿಟ್ ಪಾಯಿಂಟರ್ ಆಗಿದ್ದರೆ ಅದೇ ಪಿ + 18 ನಮ್ಮನ್ನು 72 ಬೈಟ್ ದೂರಕ್ಕೆ ಒಯ್ಯುತ್ತಿತ್ತು. 18ರಿಂದ ನಾಲ್ಕು ಬೈಟ್ ಬಿಡಿಬಿಡಿಯಾಗಿ ಓದಿದೆ. ಮೊದಲನೆಯದು ಹಾಗೇ, ಎರಡನೆಯದನ್ನು 8, ಮೂರನೆಯದನ್ನು 16, ನಾಲ್ಕನೆಯದನ್ನು 24 ಬಿಟ್ ಎಡಕ್ಕೆ ತಳ್ಳಿ, ಎಲ್ಲವನ್ನೂ ಆರ್ ಮಾಡಿ ಕೂಡಿಸಿದೆ. ತಳ್ಳುವ ಮುಂಚೆ ಪ್ರತಿ ಬೈಟನ್ನೂ ಅನ್‌ಸೈನ್ಡ್ (ಋಣ ಬೆಲೆ ಇಲ್ಲದ) 32 ಬಿಟ್‌ಗೆ ಕಾಸ್ಟ್ ಮಾಡಿದೆ. ಇಲ್ಲದಿದ್ದರೆ ಸಿ ಅದನ್ನು ಸೈನ್ಡ್ ಇಂಟ್ ಮಾಡಿಕೊಳ್ಳುತ್ತದೆ. ಆಗ ಮೇಲಿನ ಬಿಟ್ 1 ಇರುವ ಬೈಟನ್ನು 24 ಸಲ ತಳ್ಳಿದರೆ ಏನಾಗಬೇಕು ಅಂತ ಭಾಷೆಯ ನಿಯಮ ಹೇಳುವುದೇ ಇಲ್ಲ. ಈ ಕಾಸ್ಟ್ ಬಗ್ಗೆ ನನಗೆ ಯಾವ ಅಳುಕೂ ಇಲ್ಲ. ಇದು ಒಂದು ಬೆಲೆಯನ್ನು ಮಾರ್ಪಡಿಸುತ್ತದೆ, ವಿಳಾಸದ ತಂಟೆಗೆ ಹೋಗುವುದಿಲ್ಲ.

ಬೈಟ್‌ಗಳನ್ನು ನಕಲಿಸುವ ಮೆಮ್‌ಕಾಪಿಯಿಂದಲೂ ಇದನ್ನು ಮಾಡಬಹುದು, ತಪ್ಪೇನಿಲ್ಲ. ಆದರೆ ಆಗ ಚಿಪ್ ಲಿಟಲ್ ಎಂಡಿಯನ್, ಅಂದರೆ ಬಿಎಂಪಿಯ ಹಾಗೇ ಸಂಖ್ಯೆಯ ಕೆಳಗಿನ ಬೈಟನ್ನು ಮೊದಲು ಇಡುತ್ತದೆ ಅಂತ ನಂಬಿಕೊಂಡಿರಬೇಕು.

ಪಿಕ್ಸೆಲ್‌ಗಳ ಕಡೆ ಪಾಯಿಂಟರ್ ಗಣಿತ ಇನ್ನೂ ಜಾಸ್ತಿ. ಒಂದು ಸಾಲಿಗೆ 126 × 3, ಅಂದರೆ 378 ಬೈಟ್ ಸಾಕು. ಆದರೆ ಬಿಎಂಪಿಯಲ್ಲಿ ಸಾಲಿನ ಉದ್ದ ನಾಲ್ಕರ ಗುಣಕವೇ ಆಗಬೇಕು, ಹಾಗಾಗಿ 380. ಎತ್ತರ ಧನ ಸಂಖ್ಯೆ ಆಗಿದ್ದರೆ ಚಿತ್ರದ ಕೆಳಗಿನ ಸಾಲು ಫೈಲಿನಲ್ಲಿ ಮೊದಲು ಬರುತ್ತದೆ. ಫೈಲಿನ ಕೊನೆಯ ಸಾಲಿಗೆ ಪಾಯಿಂಟರ್ ಇಟ್ಟು ಪ್ರತಿ ಸಲ 380 ಕಳೆಯುತ್ತಾ ಬಂದರೆ ಕೋಡ್ ಚಿಕ್ಕದಾಗುತ್ತದೆ, ನಿಜ. ಆದರೆ ಲೂಪ್ ಮುಗಿಯುವಾಗ ಪಾಯಿಂಟರ್ ಅರೇಗಿಂತ ಹಿಂದಕ್ಕೆ ಹೋಗಿರುತ್ತದೆ. ಅರೇಯ ತುದಿ ದಾಟಿದ ತಕ್ಷಣದ ವಿಳಾಸವನ್ನು ಸಿ ಒಪ್ಪುತ್ತದೆ. ಶುರುವಿಗಿಂತ ಹಿಂದಿನದನ್ನು, ಅಲ್ಲಿಂದ ಏನೂ ಓದದಿದ್ದರೂ, ಒಪ್ಪುವುದಿಲ್ಲ. ಅದಕ್ಕೇ ಪ್ರತಿ ಸಾಲಿನ ವಿಳಾಸವನ್ನೂ ಪಿಕ್ಸೆಲ್‌ಗಳ ಮೊದಲ ಬೈಟಿನಿಂದ, ಸಾಲಿನ ಸಂಖ್ಯೆಯನ್ನು 380ರಿಂದ ಗುಣಿಸಿ, ಹೊಸದಾಗಿ ಲೆಕ್ಕ ಹಾಕಿದೆ.

ಕಂಪೈಲ್ ಮಾಡುವಾಗ ಜಿಸಿಸಿ ಕಂಪೈಲರಿನ ಕಾಸ್ಟ್-ಅಲೈನ್ ಎಚ್ಚರಿಕೆಯನ್ನು (ಗಡಿ ತಪ್ಪಬಹುದಾದ ಪಾಯಿಂಟರ್ ಕಾಸ್ಟ್ ಕಂಡರೆ ಹೇಳುವಂಥದ್ದು) ಸ್ಟ್ರಿಕ್ಟ್ ಮಟ್ಟದಲ್ಲಿ ಹಾಕಿಕೊಳ್ಳುತ್ತೇನೆ. ಸ್ಟ್ರಿಕ್ಟ್ ಇಲ್ಲದಿದ್ದರೆ ಎಕ್ಸ್86 ಮೇಲೆ ಅದು ಬಾಯಿ ಬಿಡುವುದಿಲ್ಲ.