ಡೆವಲಪರ್‌ಗಳಿಗೆ ವಿಶುಯಲ್ ಡಿಸೈನ್ ಟೂಲ್: ಯೋಜನೆ ಹಾಕುವುದು, ಬೆಲೆ ಕಟ್ಟುವುದು

ವೆಬ್ ಅಪ್ಲಿಕೇಶನ್ ಕಟ್ಟುವ ಡೆವಲಪರ್‌ಗಳಿಗಾಗಿ ವಿಶುಯಲ್ ಡಿಸೈನ್ ಟೂಲ್ ಒಂದನ್ನು ರೂಪಿಸಲು ಹೊರಟವರು ಎಲ್ಲಕ್ಕಿಂತ ಮೊದಲು ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು. ಪರದೆಯ ಮೇಲೆ ಎಳೆದು ಜೋಡಿಸಿದ ವಿನ್ಯಾಸದ ಮೂಲ ಪ್ರತಿ ಇರುವುದು ಟೂಲ್‌ನ ಸ್ವಂತ ಫೈಲ್‌ನಲ್ಲಿಯೋ, ಡೆವಲಪರ್ ಬರೆದ ಕೋಡ್‌ನಲ್ಲಿಯೋ? ಯಾವ ಸೌಲಭ್ಯ ಬೇಕು, ಎಷ್ಟು ಕೆಲಸ ಹಿಡಿಯುತ್ತದೆ, ಎಷ್ಟು ಬೆಲೆ ಕೇಳಬಹುದು ಎಂಬುದೆಲ್ಲ ಈ ತೀರ್ಮಾನವನ್ನೇ ಅವಲಂಬಿಸಿದೆ. ಕೊಳ್ಳುವವರು ಡೆವಲಪರ್‌ಗಳಾದರೆ ಮೂಲ ಪ್ರತಿ ಕೋಡ್ ಆಗಿರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಹೊಸ ಪ್ರಶ್ನೆಯೇನಲ್ಲ. ಮೈಕ್ರೋಸಾಫ್ಟ್ 1996ರಲ್ಲಿ ಕೊಂಡುಕೊಂಡ ಫ್ರಂಟ್‌ಪೇಜ್ ಎಂಬ ವೆಬ್ ಪುಟ ರೂಪಿಸುವ ಟೂಲ್, ಕೈಯಲ್ಲಿ ಬರೆದ ಎಚ್‌ಟಿಎಂಎಲ್ (ಪುಟದ ಕೋಡ್) ಅನ್ನು ತನ್ನಿಷ್ಟದಂತೆ ತಿದ್ದುತ್ತದೆ ಎಂಬ ಕೆಟ್ಟ ಹೆಸರು ಹೊತ್ತಿತ್ತು. ಮ್ಯಾಕ್ರೋಮೀಡಿಯಾ 1997ರಲ್ಲಿ ಅದೇ ಬಗೆಯ ಡ್ರೀಮ್‌ವೀವರ್ ತಂದಾಗ, ಬರೆದ ಕೋಡ್ ಟೂಲ್‌ನೊಳಗೆ ಹೋಗಿ ಬಂದರೂ ಕೆಡುವುದಿಲ್ಲ ಎಂಬುದನ್ನೇ ಅದರ ಮುಖ್ಯ ಗುಣವೆಂದು ಪ್ರಚಾರ ಮಾಡಿತು.

ಈ ಗುಣವನ್ನು ಪರೀಕ್ಷಿಸುವ ಬಗೆ ಸರಳ. ಡೆವಲಪರ್‌ನ ಫೈಲ್ ಒಂದನ್ನು ತೆರೆದು, ಏನನ್ನೂ ಬದಲಿಸದೆ ಸೇವ್ ಮಾಡಿದಾಗ ಗಿಟ್ ಡಿಫ್ (ಬದಲಾದ ಸಾಲುಗಳನ್ನು ತೋರಿಸುವ ಪಟ್ಟಿ) ಖಾಲಿಯಾಗಿರಬೇಕು. ಬಟನ್‌ನ ಪ್ಯಾಡಿಂಗನ್ನು, ಅಂದರೆ ಅಂಚಿನೊಳಗಿನ ಖಾಲಿ ಜಾಗವನ್ನು, 12 ಪಿಕ್ಸೆಲ್‌ನಿಂದ 16ಕ್ಕೆ ಏರಿಸಿದರೆ ಒಂದು ಸಾಲು ಹೋಗಿ ಒಂದು ಸಾಲು ಬಂದಿರಬೇಕು, ಅಷ್ಟೇ. ಅದರ ಬದಲು ಇಂಡೆಂಟೇಶನ್ ಅಲುಗಿ, ಆಟ್ರಿಬ್ಯೂಟ್‌ಗಳ ಕ್ರಮ ತಪ್ಪಿ, ಯಾರೋ ಬರೆದಿಟ್ಟ ಕಾಮೆಂಟ್ ಮಾಯವಾಗಿ, ಇಡೀ ಫೈಲ್ ಅಳಿಸಿದ ಸಾಲುಗಳ ಕೆಂಪು, ಸೇರಿಸಿದ ಸಾಲುಗಳ ಹಸಿರಾಗಿ ಕಂಡರೆ ರಿವ್ಯೂ ಮಾಡುವ ಸಹೋದ್ಯೋಗಿ ಅದನ್ನು ಒಪ್ಪುವುದಿಲ್ಲ. ತಂಡ ಆ ಟೂಲನ್ನು ಅಲ್ಲಿಗೇ ಕೈಬಿಡುತ್ತದೆ. ಕೋಡನ್ನು ಸಿಂಟ್ಯಾಕ್ಸ್ ಟ್ರೀಯಾಗಿ (ವ್ಯಾಕರಣದ ರಚನೆಯನ್ನು ತೋರಿಸುವ ಮರವಾಗಿ) ಓದಿ, ಅದರಿಂದ ಇಡೀ ಫೈಲನ್ನು ಹೊಸದಾಗಿ ಬರೆಯುವ ಸುಲಭದ ದಾರಿಯೇ ಈ ತೊಂದರೆಗೆ ಕಾರಣ, ಏಕೆಂದರೆ ಸಾಮಾನ್ಯ ಸಿಂಟ್ಯಾಕ್ಸ್ ಟ್ರೀಯಲ್ಲಿ ಖಾಲಿ ಜಾಗ ಮತ್ತು ಸಾಲುಗಳ ವಿಂಗಡಣೆ ಉಳಿಯುವುದಿಲ್ಲ. ಜಾವಾಸ್ಕ್ರಿಪ್ಟ್‌ಗೆ ಬದಲಾದ ತುಣುಕನ್ನಷ್ಟೇ ಮರಳಿ ಬರೆಯುವ ರೀಕಾಸ್ಟ್, ಪುಟದ ಸ್ಟೈಲ್ ಬರೆಯುವ ಸಿಎಸ್‌ಎಸ್‌ಗೆ ಮೂಲದ ಖಾಲಿ ಜಾಗವನ್ನೂ ಕಾಪಾಡುವ ಪೋಸ್ಟ್‌ಸಿಎಸ್‌ಎಸ್ ಮುಂತಾದ ಲೈಬ್ರರಿಗಳಿವೆ. ಯೋಜನೆಯಲ್ಲಿ ಅತಿ ಹೆಚ್ಚು ಸಮಯವನ್ನು ಈ ಭಾಗಕ್ಕೇ ಮೀಸಲಿಡಿ.

ವಿನ್ಯಾಸ ಕಾಣುವ ಕ್ಯಾನ್ವಾಸನ್ನು ಸ್ವಂತವಾಗಿ ಚಿತ್ರಿಸಲು ಹೋಗದೆ, ಐಫ್ರೇಮ್‌ನೊಳಗೆ (ಪುಟದೊಳಗೆ ಇನ್ನೊಂದು ಪುಟವನ್ನು ತೋರಿಸುವ ಚೌಕಟ್ಟಿನಲ್ಲಿ) ಬ್ರೌಸರ್‌ನಿಂದಲೇ ಪುಟವನ್ನು ಮೂಡಿಸುವುದು ಕ್ಷೇಮ. ಪುಟದ ಭಾಗಗಳನ್ನು ಜೋಡಿಸುವ ಫ್ಲೆಕ್ಸ್‌ಬಾಕ್ಸ್, ಗ್ರಿಡ್‌ಗಳ ಲೆಕ್ಕವನ್ನು ನೀವು ಮತ್ತೆ ಬರೆಯಬೇಕಾಗುವುದಿಲ್ಲ. ಆದರೆ ಅಪ್ಲಿಕೇಶನ್‌ನ ಪುಟಕ್ಕೆ ಒಂದೇ ರೂಪವಿರುವುದಿಲ್ಲ. ಪಟ್ಟಿ ಖಾಲಿ ಇರುವಾಗ, ಮಾಹಿತಿ ಇನ್ನೂ ಬರುತ್ತಿರುವಾಗ, ಸರ್ವರ್ ದೋಷ ಕೊಟ್ಟಾಗ, ಹೆಸರು ಒಂದು ಸಾಲನ್ನು ಮೀರಿ ಬೆಳೆದಾಗ ಅದೇ ಪುಟ ಹೇಗೆ ಕಾಣುತ್ತದೆ ಎಂಬುದನ್ನು ಪಕ್ಕಪಕ್ಕದಲ್ಲಿ ತೋರಿಸಬಲ್ಲ ಟೂಲ್, ಸುಂದರವಾದ ಟೆಂಪ್ಲೇಟ್‌ಗಳನ್ನು ರಾಶಿ ಹಾಕುವ ಟೂಲ್‌ಗಿಂತ ಡೆವಲಪರ್‌ಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲ ಆವೃತ್ತಿಯಲ್ಲಿ ಒಂದೇ ಫ್ರೇಮ್‌ವರ್ಕ್ ಮತ್ತು ಸ್ಟೈಲ್ ಬರೆಯುವ ಒಂದೇ ಕ್ರಮಕ್ಕೆ ಬೆಂಬಲ ಕೊಟ್ಟರೆ ಸಾಕು.

ಇನ್ನು ಬೆಲೆಯ ವಿಚಾರ. ನಿಮ್ಮ ಖರ್ಚು ಬೆಲೆಯ ಕೆಳಮಿತಿಯನ್ನಷ್ಟೇ ಹೇಳುತ್ತದೆ. ಮೇಲ್ಮಿತಿ ತಿಳಿಯಬೇಕಾದರೆ ಟೂಲ್‌ನಿಂದ ಉಳಿಯುವ ಸಮಯವನ್ನು ಅಳೆಯಬೇಕು. ಒಬ್ಬ ಡೆವಲಪರ್‌ಗೆ ತಿಂಗಳಿಗೆ ನಾಲ್ಕು ಗಂಟೆ ಉಳಿಯುತ್ತದೆ ಎಂದು ನಿಜವಾದ ತಂಡಗಳೊಡನೆ ಕುಳಿತು ಖಚಿತಪಡಿಸಿಕೊಂಡರೆ, ಆ ನಾಲ್ಕು ಗಂಟೆಯ ಸಂಬಳದ ಹತ್ತರಲ್ಲೊಂದು ಪಾಲಿನಿಂದ ಐದರಲ್ಲೊಂದು ಪಾಲಿನವರೆಗೆ ಕೇಳುವುದು ನ್ಯಾಯವೆಂದು ನನಗನಿಸುತ್ತದೆ. ಡಚ್ ಅರ್ಥಶಾಸ್ತ್ರಜ್ಞ ಪೀಟರ್ ವ್ಯಾನ್ ವೆಸ್ಟೆನ್‌ಡಾರ್ಪ್ 1976ರಲ್ಲಿ ಸೂಚಿಸಿದ ವಿಧಾನವೂ ನೆರವಿಗೆ ಬರುತ್ತದೆ: ಯಾವ ಬೆಲೆಗೆ ಇದು ತೀರಾ ದುಬಾರಿ, ಯಾವ ಬೆಲೆಗೆ ಗುಣಮಟ್ಟದ ಬಗ್ಗೆಯೇ ಅನುಮಾನ ಬರುವಷ್ಟು ಅಗ್ಗ, ಯಾವುದು ಹೆಚ್ಚೆನಿಸಿದರೂ ಕೊಳ್ಳಬಹುದಾದದ್ದು, ಯಾವುದು ಒಳ್ಳೆಯ ವ್ಯಾಪಾರ ಎಂಬ ನಾಲ್ಕು ಪ್ರಶ್ನೆಗಳನ್ನು ಅದರಲ್ಲಿ ಕೇಳಲಾಗುತ್ತದೆ. ಬಾಯಲ್ಲಿ ಹೇಳಿದ ಬೆಲೆಯನ್ನು ಜನ ಕೊಟ್ಟೇ ಕೊಡುತ್ತಾರೆ ಎಂದೇನೂ ಇಲ್ಲ. ಹಾಗಾಗಿ ಬೀಟಾ ಹಂತದಲ್ಲಿಯೇ ಕೆಲವರಿಂದ ಸಣ್ಣ ಮೊತ್ತವನ್ನಾದರೂ ಮುಂಗಡವಾಗಿ ಪಡೆಯಿರಿ.

ಹಣವನ್ನು ಯಾವುದಕ್ಕೆ ಕೇಳಬೇಕು ಎಂಬ ಪ್ರಶ್ನೆ, ಎಷ್ಟು ಎಂಬುದಕ್ಕಿಂತ ಮುಖ್ಯ. ತಿದ್ದುವವರ ತಲೆಗಿಷ್ಟು ಎಂದು ಲೆಕ್ಕ ಹಾಕಿ, ನೋಡಿ ಟಿಪ್ಪಣಿ ಬರೆಯುವವರಿಗೆ ಉಚಿತವಾಗಿ ಬಿಡುವುದು ಒಳ್ಳೆಯದು, ಏಕೆಂದರೆ ಟೂಲ್ ತಂಡದೊಳಗೆ ಹರಡುವುದು ಅವರಿಂದಲೇ. ಎಕ್ಸ್‌ಪೋರ್ಟ್‌ಗೆ ಮಾತ್ರ ಎಂದಿಗೂ ಶುಲ್ಕ ವಿಧಿಸಬೇಡಿ. ತಾನೇ ಬರೆದ ಕೋಡನ್ನು ಹೊರತೆಗೆಯಲು ಹಣ ಕೊಡಬೇಕಾದ ಡೆವಲಪರ್ ಎರಡನೆಯ ತಿಂಗಳು ನಿಮ್ಮೊಡನೆ ಇರುವುದಿಲ್ಲ. ಬಳಕೆಗೆ ತಕ್ಕಂತೆ ಶುಲ್ಕ ಹಾಕುವಾಗಲೂ ಎಚ್ಚರ ಬೇಕು. ಗೇಮ್ ಎಂಜಿನ್ ತಯಾರಿಸುವ ಯೂನಿಟಿ 2023ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಲ್‌ಗಳ ಲೆಕ್ಕದಲ್ಲಿ ಶುಲ್ಕ ಪ್ರಕಟಿಸಿದಾಗ ಡೆವಲಪರ್‌ಗಳು ತಿರುಗಿಬಿದ್ದರು. ಮರುವರ್ಷ ಅದೇ ತಿಂಗಳಲ್ಲಿ ಕಂಪನಿ ಅದನ್ನು ರದ್ದುಪಡಿಸಿತು. ಬಳಸುವವನ ಕೈಯಲ್ಲಿಲ್ಲದ ಎಣಿಕೆಯ ಮೇಲೆ ಬಿಲ್ ಬೆಳೆಯಬಾರದು.

ಚಂದಾ ಪದ್ಧತಿಗೆ, ಡೆವಲಪರ್‌ಗಳ ಟೂಲ್ ತಯಾರಿಸುವ ಜೆಟ್‌ಬ್ರೈನ್ಸ್ ಕಂಡುಕೊಂಡ ದಾರಿ ಅನುಸರಿಸಲು ಯೋಗ್ಯವಾಗಿದೆ. 2015ರಲ್ಲಿ ಅದು ಚಂದಾಗೆ ಬದಲಾಗುವುದಾಗಿ ಹೇಳಿದಾಗ ಗ್ರಾಹಕರು ಜೋರಾಗಿ ಆಕ್ಷೇಪಿಸಿದರು. ಆಗ ಕಂಪನಿಯು ಸತತ 12 ತಿಂಗಳು ಹಣ ಕೊಟ್ಟವರು ಚಂದಾ ನಿಲ್ಲಿಸಿದ ಮೇಲೂ ಒಂದು ಹಳೆಯ ಆವೃತ್ತಿಯನ್ನು ಶಾಶ್ವತವಾಗಿ ಬಳಸಬಹುದೆಂಬ ನಿಯಮ ತಂದಿತು. ಮೂಲ ಪ್ರತಿಯೇ ಕೋಡ್ ಆಗಿರುವ ಟೂಲ್‌ಗೆ ಇಂಥ ಭರವಸೆ ಕೊಡುವುದು ಕಷ್ಟವಲ್ಲ.

ಪಾವತಿ ಸೇವೆಯ ಕಮಿಷನ್, ಬೇರೆ ಬೇರೆ ದೇಶಗಳ ತೆರಿಗೆ, ಹಣ ಹಿಂದಿರುಗಿಸುವಿಕೆ ಮತ್ತು ಗ್ರಾಹಕರ ಪತ್ರಗಳಿಗೆ ಉತ್ತರಿಸುವ ಸಮಯ, ಇವಿಷ್ಟನ್ನೂ ಬೆಲೆ ಪ್ರಕಟಿಸುವ ಮೊದಲೇ ಲೆಕ್ಕಕ್ಕೆ ಸೇರಿಸಿ. ಮುಂದೆ ಬೆಲೆ ಏರಿಸಬೇಕಾದರೆ ಹೊಸಬರಿಂದ ಆರಂಭಿಸಿ. ಹಳಬರಿಗೆ ಅದು ಯಾವ ನವೀಕರಣದಿಂದ ಅನ್ವಯವಾಗುತ್ತದೆ ಎಂಬುದನ್ನು ದಿನಾಂಕ ಸಹಿತ ಎರಡು ತಿಂಗಳು ಮುಂಚಿತವಾಗಿ ಬರೆದು ತಿಳಿಸಿ.