ನಿಮ್ಮ ಬಡಾವಣೆ ನಿಮ್ಮನ್ನು ನಡೆಯಲು ಬಿಡುತ್ತಿದೆಯೇ? ಅಳೆಯುವ ಮತ್ತು ಸರಿಪಡಿಸುವ ಕ್ರಮ

ನಮ್ಮ ಮನೆಯಿಂದ ನಂದಿನಿ ಬೂತಿಗೆ 350 ಮೀಟರ್ ದೂರವಿದೆ. ಅಮ್ಮ 72ನೆಯ ವಯಸ್ಸಿನವರೆಗೂ ಬೆಳಿಗ್ಗೆ ಹಾಲಿಗೆ, ಸಂಜೆ ಹೂವು ಸೊಪ್ಪಿಗೆ ಎಂದು ದಿನಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬರುತ್ತಿದ್ದರು. ಲೆಕ್ಕ ಹಾಕಿದರೆ ಅದು ದಿನಕ್ಕೆ 1.4 ಕಿಲೋಮೀಟರ್, ಅವರ ನಿಧಾನದ ಹೆಜ್ಜೆಯಲ್ಲಿ ಸುಮಾರು 24 ನಿಮಿಷ, ವಾರಕ್ಕೆ 168 ನಿಮಿಷ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಅವರು ವ್ಯಾಯಾಮ ಎಂಬ ಪದವನ್ನೇ ಬಳಸದೆ ಪಾಲಿಸುತ್ತಿದ್ದರು. ಒಂದು ಮಳೆಗಾಲದ ನಂತರ ಹೋಗುವುದನ್ನು ನಿಲ್ಲಿಸಿದರು. ಮಂಡಿನೋವು ಇರಬೇಕೆಂದು ನಾವೆಲ್ಲ ಭಾವಿಸಿದೆವು.

ಒಂದು ದಿನ ಒತ್ತಾಯ ಮಾಡಿ ಹೊರಡಿಸಿ, ನಾನು ಅವರ ಹಿಂದೆಯೇ ನಡೆದೆ. ಮೊದಲ ನಾಲ್ಕು ಮನೆಗಳವರೆಗೆ ಹೆಜ್ಜೆ ಸರಾಗವಾಗಿತ್ತು. ಐದನೆಯ ಮನೆಯವರು ಕಾರು ಹತ್ತಿಸಲು ಕಟ್ಟಿಸಿದ ಇಳಿಜಾರು ಫುಟ್‌ಪಾತಿನ ಪೂರ್ತಿ ಅಗಲವನ್ನು ನುಂಗಿತ್ತು. ಅಮ್ಮ ಎಡಗೈಯಲ್ಲಿ ಕಾಂಪೌಂಡು ಹಿಡಿದರು, ಹಿಂದಿನಿಂದ ಸ್ಕೂಟರ್ ಬರುತ್ತಿದೆಯೇ ಎಂದು ಕತ್ತು ತಿರುಗಿಸಿ ನೋಡಿದರು, ಅಡ್ಡಡ್ಡವಾಗಿ ಒಂದು ಕಾಲನ್ನು ರಸ್ತೆಗೆ ಇಳಿಸಿದರು, ಇಳಿಜಾರನ್ನು ಸುತ್ತುಹಾಕಿ ಬಂದು ಒಂದು ಅಡಿ ಎತ್ತರದ ಅಂಚನ್ನು ಮತ್ತೆ ಏರಿದರು. 350 ಮೀಟರಿನಲ್ಲಿ ಹೀಗೆ ಏಳು ಸಲ ಆಯಿತು. ಅವರ ನಡಿಗೆಯನ್ನು ನಿಲ್ಲಿಸಿದ್ದು ಮಂಡಿಯಲ್ಲ, ಆ ಏಳು ಜಾಗಗಳು.

ಈ ಬರಹ ಅಂಥ ಜಾಗಗಳನ್ನು ಹುಡುಕಿ, ಅಳೆದು, ಸರಿಪಡಿಸಿಕೊಳ್ಳುವ ಕ್ರಮವನ್ನು ಹೇಳುತ್ತದೆ. ಬೆಂಗಳೂರಿನ ಬಡಾವಣೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದರೂ ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಬಡಾವಣೆಯ ವಿನ್ಯಾಸಕ್ಕೂ ಜನರ ನಡಿಗೆಗೂ ಸಂಬಂಧವಿದೆ ಎಂಬುದು ಬರಿಯ ಊಹೆಯಲ್ಲ. 2016ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಜೇಮ್ಸ್ ಸ್ಯಾಲಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು 10 ದೇಶಗಳ 14 ನಗರಗಳಲ್ಲಿ 6,822 ವಯಸ್ಕರ ಚಲನೆಯನ್ನು ಸೊಂಟಕ್ಕೆ ಕಟ್ಟಿದ ಉಪಕರಣದಿಂದ ಅಳೆದಿತ್ತು. ಚಟುವಟಿಕೆಗೆ ಅತಿ ಹೆಚ್ಚು ಅನುಕೂಲವಿದ್ದ ನೆರೆಹೊರೆಯ ನಿವಾಸಿಗಳು ಅತಿ ಕಡಿಮೆ ಅನುಕೂಲವಿದ್ದ ನೆರೆಹೊರೆಯವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಹೆಚ್ಚು ಚಟುವಟಿಕೆಯಿಂದ ಇದ್ದರು. ಒತ್ತೊತ್ತಾಗಿರುವ ಮನೆಗಳು, ಹೆಚ್ಚು ಅಡ್ಡರಸ್ತೆಗಳು, ಹತ್ತಿರದ ಬಸ್ ನಿಲ್ದಾಣಗಳು, ನಡೆದು ತಲುಪಬಹುದಾದ ಉದ್ಯಾನಗಳು ಈ ವ್ಯತ್ಯಾಸದ ಹಿಂದೆ ಇದ್ದವು.

ಆ ಹತ್ತು ದೇಶಗಳಲ್ಲಿ ಭಾರತ ಇರಲಿಲ್ಲ, ಆದ್ದರಿಂದ ಆ ಅಂಕಿಗಳನ್ನು ಹಾಗೆಯೇ ನಮ್ಮ ಬೀದಿಗೆ ಹಚ್ಚಬಾರದು. ನಮ್ಮಲ್ಲಿ ಮನೆಗಳ ಒತ್ತು ಈಗಾಗಲೇ ಇದೆ. ಕಿರಾಣಿ ಅಂಗಡಿ, ದರ್ಶಿನಿ, ಔಷಧಿ ಅಂಗಡಿ, ದೇವಸ್ಥಾನ ಎಲ್ಲವೂ ಕೂಗಳತೆಯಲ್ಲಿವೆ. ಬೇರೆ ದೇಶದ ಅನೇಕ ಊರುಗಳು ಹಣ ಸುರಿದು ತರಲು ಹೆಣಗುತ್ತಿರುವುದು ನಮಗೆ ಹುಟ್ಟಿನಿಂದಲೇ ಬಂದಿದೆ. ನಮಗೆ ಇಲ್ಲದಿರುವುದು ಮನೆಯ ಬಾಗಿಲಿನಿಂದ ಅಂಗಡಿಯ ಬಾಗಿಲಿನವರೆಗೆ ಕಡಿಯದೆ ಸಾಗುವ ಕಾಲುದಾರಿ.

ಮೊದಲು ನಕ್ಷೆ

ಒಂದು ದೊಡ್ಡ ಹಾಳೆಯ ಮೇಲೆ ನಿಮ್ಮ ಮನೆಯನ್ನು ಗುರುತಿಸಿ, ಹತ್ತು ನಿಮಿಷದ ನಡಿಗೆಯ ಒಳಗೆ, ಅಂದರೆ ಸುಮಾರು 800 ಮೀಟರ್ ಒಳಗೆ, ನೀವು ವಾರದಲ್ಲಿ ಎರಡು ಸಲವಾದರೂ ಹೋಗುವ ಜಾಗಗಳನ್ನೆಲ್ಲ ಬರೆಯಿರಿ. ಉದ್ಯಾನವನ್ನಷ್ಟೇ ಬರೆಯುವ ತಪ್ಪನ್ನು ಮಾಡಬೇಡಿ. ಉದ್ಯಾನಕ್ಕೆ ಹೋಗುವವರು ನಡೆಯಬೇಕೆಂದು ಮೊದಲೇ ನಿರ್ಧರಿಸಿದವರು. ಉಳಿದವರೆಲ್ಲರ ನಡಿಗೆ ಹಾಲು, ತರಕಾರಿ, ಶಾಲೆ, ಬಸ್ಸುಗಳ ನೆಪದಲ್ಲಿ ಆಗುತ್ತದೆ.

ಬಳಿಕ ಪ್ರತಿಯೊಂದು ಜಾಗಕ್ಕೂ ನಿಜವಾಗಿ ನಡೆಯಬೇಕಾದ ದಾರಿಯನ್ನು ಎಳೆಯಿರಿ. 1890ರ ದಶಕದ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮತ್ತು ಜಯನಗರದಲ್ಲಿ ಮೇನ್‌ಗಳೂ ಕ್ರಾಸ್‌ಗಳೂ ಒಂದನ್ನೊಂದು ಮತ್ತೆ ಮತ್ತೆ ಕತ್ತರಿಸುವುದರಿಂದ ಎಲ್ಲಿಗೆ ಹೋಗಲೂ ಎರಡು ಮೂರು ದಾರಿಗಳಿರುತ್ತವೆ. ಹೊರವಲಯದಲ್ಲಿ ಹಾಗಲ್ಲ. ಒಂದೊಂದು ಹೊಲ ಒಂದೊಂದು ಲೇಔಟ್ ಆಗಿರುವ ಕಡೆ ಒಂದರ ರಸ್ತೆ ಇನ್ನೊಂದಕ್ಕೆ ಕೂಡುವುದಿಲ್ಲ; ಅಪಾರ್ಟ್‌ಮೆಂಟಿನ ಉದ್ದನೆಯ ಕಾಂಪೌಂಡಿನ ಆಚೆ ಕಾಣುವ ಉದ್ಯಾನಕ್ಕೆ ಒಂದು ಕಿಲೋಮೀಟರ್ ಸುತ್ತಿ ಹೋಗಬೇಕಾಗುತ್ತದೆ. ನಿಮ್ಮ ನಕ್ಷೆಯಲ್ಲಿ ಇಂಥ ಸುತ್ತುಗಳು ಕಂಡರೆ, ಹಿಂಬದಿಯ ಕಾಂಪೌಂಡಿನಲ್ಲಿ ಒಬ್ಬರು ನಡೆದು ಹೋಗುವಷ್ಟು ಅಗಲದ ಒಂದು ಸಣ್ಣ ಗೇಟನ್ನು ಕೇಳುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಹಾದುಹೋಗುವ ಕನ್ಸರ್ವೆನ್ಸಿ ಓಣಿಗಳನ್ನು ಶುಚಿ ಮಾಡಿ ತೆರೆದಿಡಿಸಿದರೂ ಇದೇ ಪ್ರಯೋಜನ ಸಿಗುತ್ತದೆ.

ನಂತರ ಟೇಪು, ಸೀಮೆಸುಣ್ಣ

ಅತಿ ಹೆಚ್ಚು ಬಳಕೆಯ ಒಂದೇ ದಾರಿಯನ್ನು ಆರಿಸಿಕೊಳ್ಳಿ. ಇಡೀ ಬಡಾವಣೆಯನ್ನು ಒಂದೇ ಸಲ ಹಿಡಿದ ಗುಂಪುಗಳು ಎರಡನೆಯ ವಾರಕ್ಕೆ ದಣಿದುಬಿಡುವುದನ್ನು ಕಂಡಿದ್ದೇನೆ. ಹಿರಿಯರೊಬ್ಬರು, ಶಾಲೆಯ ಚೀಲ ಹೊತ್ತ ಮಗು, ಸಾಧ್ಯವಾದರೆ ಗಾಲಿಕುರ್ಚಿ ಬಳಸುವವರು ಅಥವಾ ಮಗುವಿನ ಗಾಡಿ ತಳ್ಳುವವರು ಜೊತೆಗಿರಲಿ. ಬೆಳಿಗ್ಗೆ 7.30ಕ್ಕೆ ಒಮ್ಮೆ, ಸಂಜೆ ದೀಪ ಹತ್ತಿದ ಮೇಲೆ ಒಮ್ಮೆ, ಮಳೆ ನಿಂತ ಅರ್ಧ ಗಂಟೆಯ ನಂತರ ಒಮ್ಮೆ ನಡೆಯಿರಿ.

ಭಾರತೀಯ ರಸ್ತೆ ಕಾಂಗ್ರೆಸ್ ಪಾದಚಾರಿ ಸೌಕರ್ಯಗಳಿಗಾಗಿ 2012ರಲ್ಲಿ ಪರಿಷ್ಕರಿಸಿದ ಐಆರ್‌ಸಿ 103 ಎಂಬ ಮಾರ್ಗಸೂಚಿ ನಿಮ್ಮ ಅಳತೆಗೋಲು. ಅದರ ಪ್ರಕಾರ ಮನೆಗಳಿರುವ ರಸ್ತೆಯಲ್ಲೂ ನಡೆಯಲು ಅಡೆತಡೆಯಿಲ್ಲದ 1.8 ಮೀಟರ್ ಅಗಲ ಬೇಕು, ರಸ್ತೆಯಿಂದ ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಟ್ರಾನ್ಸ್‌ಫಾರ್ಮರ್, ಮರ, ಕಂಬ, ನಿಲ್ಲಿಸಿದ ಬೈಕುಗಳನ್ನು ಕಳೆದು ಉಳಿಯುವ ಅಗಲವನ್ನಷ್ಟೇ ಬರೆದುಕೊಳ್ಳಿ.

ಆದರೆ ಅಗಲಕ್ಕಿಂತ ಮುಖ್ಯವಾದ ಅಂಕಿಯೆಂದು ನಾನು ಭಾವಿಸುವುದು ಬೇರೆ: 100 ಮೀಟರಿಗೆ ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು ಎಂಬುದು. ಇಳಿದ ಪ್ರತಿಯೊಂದು ಜಾಗದಲ್ಲೂ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಕಾರಣವನ್ನು ಒಂದೇ ಪದದಲ್ಲಿ ಬರೆಯಿರಿ: ಇಳಿಜಾರು, ಚಪ್ಪಡಿ, ಕಂಬ, ಕಸ, ಬೈಕು. ಚರಂಡಿಯ ಚಪ್ಪಡಿಯ ಮೇಲೆ ಮೆಲ್ಲಗೆ ಕಾಲೂರಿ ನೋಡಿ. ಅದು ‘ಕಟಕ್’ ಎಂದು ಒಂದು ಬದಿಗೆ ವಾಲಿದರೆ ಯುವಕರು ದಾಟಿಬಿಡುತ್ತಾರೆ, ಆದರೆ ಒಮ್ಮೆ ಬಿದ್ದು ಎದ್ದ ಅಜ್ಜಿ ಮರುದಿನ ಬರುವುದಿಲ್ಲ. ನಮ್ಮ ಫುಟ್‌ಪಾತುಗಳು ಎತ್ತರವಾಗಿರುವುದಕ್ಕೆ ಮುಖ್ಯ ಕಾರಣವೇ ಅವುಗಳ ಕೆಳಗೆ ಚರಂಡಿ ಹರಿಯುವುದು; ಚರಂಡಿಯನ್ನು ಮತ್ತೆ ಕಟ್ಟುವಾಗ ಚಪ್ಪಡಿಯ ಮಟ್ಟ ಮೇಲೇರುತ್ತದೆ, ಮನೆಯವರು ಅದಕ್ಕೆ ತಕ್ಕಂತೆ ಇಳಿಜಾರನ್ನು ಇನ್ನಷ್ಟು ಚಾಚುತ್ತಾರೆ.

ಸರಿಯಾದ ಜೋಡಣೆ ಹೀಗಿರಬೇಕು: ಫುಟ್‌ಪಾತು ಗೇಟಿನ ಮುಂದೆಯೂ ಅದೇ ಮಟ್ಟದಲ್ಲಿ ಸಾಗಬೇಕು, ಕಾರು ಹತ್ತುವ ಇಳಿಜಾರು ರಸ್ತೆಯ ಅಂಚಿನ ಕಿರಿದಾದ ಪಟ್ಟಿಯಲ್ಲಿ ಮುಗಿಯಬೇಕು. ಬೀದಿಯ ತುದಿಯಲ್ಲಿ ಗಾಲಿಕುರ್ಚಿ ಇಳಿಯುವ ಕಡೆ 12 ಅಡಿಗೆ ಒಂದು ಅಡಿಗಿಂತ ಕಡಿದಾದ ಇಳಿಜಾರು ಕೂಡದು.

ತಿರುವುಗಳನ್ನೂ ಗಮನಿಸಿ. ಮೂಲೆ ಅಗಲವಾಗಿ ಬಾಗಿದ್ದಷ್ಟೂ ವಾಹನಗಳು ವೇಗ ತಗ್ಗಿಸದೆ ತಿರುಗುತ್ತವೆ, ದಾಟಬೇಕಾದ ದೂರವೂ ಹೆಚ್ಚುತ್ತದೆ. ಮೂಲೆಯನ್ನು ಬಿಗಿಗೊಳಿಸುವುದು ಮತ್ತು ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿದ ದಾಟುದಾರಿಯನ್ನು ಹಾಕುವುದು ಶಾಲೆಯ ಹತ್ತಿರದ ಕ್ರಾಸ್‌ಗಳಲ್ಲಿ ಮೊದಲು ಆಗಬೇಕಾದ ಕೆಲಸ.

ನೆರಳು, ಬೆಳಕು, ಕೂರುವ ಜಾಗ

ಹೊಂಗೆಯ ಮರ ದಾರಿಗೆ ಅಡ್ಡವಿದೆಯೆಂದು ಕಡಿಯಲು ಅರ್ಜಿ ಹಾಕಬೇಡಿ. ಏಪ್ರಿಲ್ ತಿಂಗಳ ಸಂಜೆ ನಾಲ್ಕಕ್ಕೆ ಆ ಬೀದಿಯಲ್ಲಿ ಯಾರಾದರೂ ನಡೆಯುತ್ತಿದ್ದರೆ ಆ ಮರದ ದೆಸೆಯಿಂದ. ಬುಡದ ಸುತ್ತ ಮಣ್ಣು ಬಿಡಿಸಿ, ಆ ಜಾಗದಲ್ಲಿ ಫುಟ್‌ಪಾತನ್ನು ರಸ್ತೆಯ ಕಡೆಗೆ ಉಬ್ಬಿಸಲು ಕೇಳಿ. ಬೀದಿದೀಪಗಳು ಸಾಮಾನ್ಯವಾಗಿ ಕೊಂಬೆಗಳ ಮೇಲಿದ್ದು ರಸ್ತೆಯ ನಡುಭಾಗವನ್ನು ಬೆಳಗಿಸುತ್ತವೆ. ಫುಟ್‌ಪಾತು ಕತ್ತಲಲ್ಲೇ ಉಳಿಯುತ್ತದೆ. ಸಂಜೆಯ ನಡಿಗೆಯಲ್ಲಿ ಹೆಣ್ಣುಮಕ್ಕಳು ಎಲ್ಲಿ ರಸ್ತೆಯ ಆಚೆ ಬದಿಗೆ ದಾಟುತ್ತಾರೆ ಎಂದು ನೋಡಿದರೆ ಕಂಬ ಎಲ್ಲಿ ಬೇಕೆಂದು ತಿಳಿಯುತ್ತದೆ.

ತಳ್ಳುಗಾಡಿಯವರನ್ನು ಎಬ್ಬಿಸಬೇಕೆಂಬ ಬೇಡಿಕೆಯನ್ನು ನಿಮ್ಮ ಪಟ್ಟಿಯಲ್ಲಿ ಸೇರಿಸಲು ಯಾರಾದರೂ ಒತ್ತಾಯಿಸುವುದು ಖಂಡಿತ. ದಯವಿಟ್ಟು ಒಪ್ಪಬೇಡಿ. ಜನ ಮನೆಯಿಂದ ಹೊರಡುವುದೇ ಹೂವಿನವರ, ಸೊಪ್ಪಿನವರ ಬಳಿಗೆ; ಕತ್ತಲಾದ ಮೇಲೆ ಬೀದಿಗೆ ಕಣ್ಣಾಗಿರುವವರೂ ಅವರೇ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಅವರಿಗೆ ಮರಗಳ ಸಾಲಿನಲ್ಲಿ ಜಾಗ ಗುರುತಿಸಿ, ನಡೆಯುವ 1.8 ಮೀಟರ್ ಖಾಲಿ ಬಿಡಿಸುವುದು ಸಾಧ್ಯವಿದೆ.

ಉದ್ಯಾನದ ವಿಷಯದಲ್ಲಿ ಗೇಟುಗಳ ಸಂಖ್ಯೆಯನ್ನೂ ತೆರೆದಿರುವ ಹೊತ್ತನ್ನೂ ನೋಡಿ. ಬೆಂಗಳೂರಿನ ಉದ್ಯಾನಗಳ ಸಮಯವನ್ನು 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ವಿಸ್ತರಿಸಲಾಯಿತು. ನಿಮ್ಮ ಉದ್ಯಾನಕ್ಕೆ ಮಧ್ಯಾಹ್ನ ಬೀಗ ಬೀಳುತ್ತಿದ್ದರೆ ಕೇಳಿ. ಉದ್ಯಾನದ ಜಾಗವನ್ನು ಬೇರೆ ಕಟ್ಟಡಕ್ಕೆ ಕೊಡುವ ಮಾತು ಬಂದರೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯಿದೆ ನಿಮ್ಮ ಪರವಾಗಿದೆ.

ಅರ್ಜಿ ಹಾಕುವ ಬಗೆ

“ಫುಟ್‌ಪಾತ್ ಸರಿಪಡಿಸಿಕೊಡಿ” ಎಂಬ ಅರ್ಜಿಗೆ ಉತ್ತರ ಬರುವುದಿಲ್ಲ. ನಾವೂ ಒಮ್ಮೆ ಹಾಗೆ ಬರೆದು ವರ್ಷ ಕಳೆದೆವು. ಒಂದು ದಾರಿ, ಏಳು ಜಾಗ, ಪ್ರತಿಯೊಂದಕ್ಕೂ ಮನೆ ನಂಬರು, ಟೇಪು ಕಾಣುವಂತೆ ತೆಗೆದ ಒಂದು ಚಿತ್ರ, ಆಗಬೇಕಾದ ಕೆಲಸದ ಒಂದು ಸಾಲು: ಇಷ್ಟು ಎರಡು ಪುಟ ಮೀರದಿರಲಿ. ವಾರ್ಡಿನ ಎಂಜಿನಿಯರರನ್ನು ಆ ದಾರಿಯಲ್ಲಿ ಒಮ್ಮೆ ನಡೆಸಿ. ವಾರ್ಡ್ ಸಮಿತಿಯ ಸಭೆ ನಡೆಯುವ ಕಡೆ ಅಲ್ಲಿ ಮಂಡಿಸಿ, ನಡವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿರುವುದರಿಂದ ನಿಮ್ಮದು ಯಾವುದೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಅತಿಕ್ರಮಣವಿಲ್ಲದ ಫುಟ್‌ಪಾತನ್ನು ಬಳಸುವುದು ಸಂವಿಧಾನದ 21ನೆಯ ವಿಧಿಯ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನು ಅರ್ಜಿಯ ಕೊನೆಯಲ್ಲಿ ಸೇರಿಸಿ.

ಸಮಯ ಬಹಳ ಮುಖ್ಯ. ನಿಮ್ಮ ರಸ್ತೆಗೆ ಡಾಂಬರು ಅಥವಾ ಒಳಚರಂಡಿ ಕಾಮಗಾರಿ ಬರುತ್ತಿದೆ ಎಂದು ತಿಳಿದ ದಿನವೇ ಮಾಹಿತಿ ಹಕ್ಕಿನಡಿ ಅದರ ಅಂದಾಜು ಪಟ್ಟಿಯನ್ನೂ ನಕ್ಷೆಯನ್ನೂ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕು. ಕೆಲಸ ಮುಗಿದ ಮೇಲೆ ಅದೇ ರಸ್ತೆಗೆ ಮತ್ತೆ ಹಣ ಬರಲು ವರ್ಷಗಳು ಬೇಕಾಗುತ್ತವೆ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಕೇಬಲ್ಲು, ಕೊಳವೆಗಳನ್ನು ಫುಟ್‌ಪಾತಿನ ಕೆಳಗಿನ ನಾಳಗಳಲ್ಲಿ ಜೋಡಿಸಿದ್ದು ಇದೇ ಕಾರಣಕ್ಕೆ: ಮತ್ತೆ ಮತ್ತೆ ಅಗೆಯುವುದು ತಪ್ಪಲೆಂದು.

ಇಳಿಜಾರುಗಳ ವಿಷಯದಲ್ಲಿ ಕಚೇರಿಗೆ ಹೋಗುವ ಮೊದಲು ಮನೆಯವರ ಬಳಿಗೆ ಹೋಗಿ. ನಮ್ಮ ಏಳು ಜಾಗಗಳಲ್ಲಿ ನಾಲ್ಕು ನೆರೆಯವರ ಇಳಿಜಾರುಗಳೇ ಆಗಿದ್ದವು. ನಾನು ವಾದಿಸಲಿಲ್ಲ, ಅವರು ಗೇಟಿನಲ್ಲಿ ನಿಂತು ನೋಡುತ್ತಿರುವಾಗ ಅಮ್ಮ ಒಮ್ಮೆ ನಡೆದು ತೋರಿಸಿದರು. ಐದನೆಯ ಮನೆಯ ಯಜಮಾನರು, “ಅಮ್ಮಾ, ನೀವು ಇಷ್ಟು ಕಷ್ಟಪಡ್ತೀರಿ ಅಂತ ಗೊತ್ತೇ ಇರಲಿಲ್ಲ” ಎಂದು ಮುಂದಿನ ವಾರವೇ ಗಾರೆಯವರನ್ನು ಕರೆಸಿದರು. ಮೂವರು ಒಪ್ಪಿದರು, ಒಬ್ಬರು ಇನ್ನೂ ಒಪ್ಪಿಲ್ಲ. ಎರಡು ಚಪ್ಪಡಿಗಳನ್ನು ಪಾಲಿಕೆ ಬದಲಿಸಿತು.

ಆರು ತಿಂಗಳ ನಂತರ ಅದೇ ಹೊತ್ತಿಗೆ, ಅದೇ ಜನರೊಂದಿಗೆ ಮತ್ತೆ ನಡೆದು ಎಣಿಸಿ. ನಮ್ಮ ದಾರಿಯಲ್ಲಿ ಏಳು ಈಗ ಎರಡಾಗಿದೆ. ಅಮ್ಮ ಬೆಳಿಗ್ಗೆ ಹಾಲಿಗೆ ಹೋಗುತ್ತಿದ್ದಾರೆ. ಸಂಜೆ ಇನ್ನೂ ಹೋಗುವುದಿಲ್ಲ, ಏಕೆಂದರೆ ಉಳಿದ ಎರಡರಲ್ಲಿ ಒಂದು ಹೊಂಗೆಮರದ ಕೆಳಗಿನ ಕತ್ತಲಲ್ಲಿದೆ. ಅಲ್ಲಿಗೊಂದು ಗಿಡ್ಡ ದೀಪದ ಕಂಬ ಕೇಳಿ ಕಳೆದ ತಿಂಗಳು ಅರ್ಜಿ ಕೊಟ್ಟಿದ್ದೇವೆ.