ಕನ್ನಡ ಮಾಧ್ಯಮದಿಂದ ಪಿಯು ಸೈನ್ಸ್‌ಗೆ: ಮೊದಲ ಮೂರು ತಿಂಗಳು ಜೊತೆ ಕೊಡುವುದು ಹೇಗೆ?

ಹೈಸ್ಕೂಲಿನಲ್ಲಿ ‘ವೇಗೋತ್ಕರ್ಷ’ ಅಂತ ಓದಿದ್ದೆ. ಪಿಯುಸಿಯ ಮೊದಲ ವಾರ ಲೆಕ್ಚರರ್ ‘ಆಕ್ಸಲರೇಷನ್’ ಅಂದರು. ಎರಡೂ ಒಂದೇ ಅಂತ ಗೊತ್ತಾಗಲು ನನಗೆ ಹದಿನೈದು ದಿನ ಬೇಕಾಯಿತು. ಕೇಳಬಹುದಿತ್ತು, ಕೇಳಲಿಲ್ಲ. ಪಕ್ಕದವನು ತಲೆ ಆಡಿಸುತ್ತಿದ್ದ, ನಾನೂ ಸುಮ್ನೆ ಆಡಿಸಿದೆ. ಅವನಿಗೂ ಗೊತ್ತಿರಲಿಲ್ಲ ಅನ್ನೋದು ತಿಳಿದದ್ದು ಟೆಸ್ಟ್ ಮಾರ್ಕ್ಸ್ ಬಂದ ಮೇಲೆ.

ಊರಿನ ಹೈಸ್ಕೂಲಿನಿಂದ ಪೇಟೆಯ ಕಾಲೇಜಿಗೆ ಬರುವ ಮಕ್ಕಳು ಎಡವುವುದು ಹೆಚ್ಚಾಗಿ ಇಂಥ ಸಣ್ಣ ಜಾಗಗಳಲ್ಲೇ. ಹೀಗೆ ದಾಟಿ ಬರುವ ಹೊತ್ತಿನ ಬಗ್ಗೆ ಅಮೆರಿಕದಲ್ಲಿ ತುಂಬಾ ಸಂಶೋಧನೆ ಆಗಿದೆ. ಅವರದು ಡಿಗ್ರಿ ಕಾಲೇಜಿನ ಮಾತು, ನಮ್ಮ ಪಿಯುಸಿಗೆ ಹಾಗೇ ತಂದು ಅಂಟಿಸಲಾಗದು. ಆದರೂ ಅಪ್ಪ ಅಮ್ಮನಿಗೆ, ಅಕ್ಕ ಅಣ್ಣಂದಿರಿಗೆ, ಲೆಕ್ಚರರ್‌ಗಳಿಗೆ ಕೆಲಸಕ್ಕೆ ಬರುವುದು ಬೇಕಾದಷ್ಟಿದೆ.

1. ಕಾಗದಪತ್ರ ರಜೆಯಲ್ಲೇ ಮುಗಿಸಿ

ಕಾಲೇಜಿಗೆ ಹೋಗಿಯೇ ಹೋಗುತ್ತೇವೆ ಅಂದ ಮಕ್ಕಳಲ್ಲಿ ನೂರಕ್ಕೆ 10ರಿಂದ 20 ಮಂದಿ ರಜೆ ಮುಗಿಯುವಷ್ಟರಲ್ಲಿ ಸೇರದೇ ಉಳಿಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕರಾದ ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಲೆಕ್ಕ ಹಾಕಿದರು. ಫಾರಂ, ಫೀಸು, ಯಾರನ್ನು ಕೇಳಬೇಕೋ ಗೊತ್ತಿಲ್ಲದಿರುವುದು ಇದಕ್ಕೆ ಕಾರಣ. ಅಲ್ಲಲ್ಲಿನ ಸಲಹೆಗಾರರ ಜೊತೆ ಸೇರಿ ಮಕ್ಕಳ ಫೋನಿಗೆ ನೆನಪಿನ ಮೆಸೇಜ್ ಕಳಿಸಿದಾಗ ಕೆಲವು ಕಡೆ ಉಪಯೋಗವಾಯಿತು. ಮುಂದೆ ದೂರದ ದೊಡ್ಡ ಸಂಸ್ಥೆಗಳ ಮೂಲಕ ಸುಮಾರು 8 ಲಕ್ಷ ವಿದ್ಯಾರ್ಥಿಗಳಿಗೆ ಹಣದ ನೆರವಿಗೆ ಅರ್ಜಿ ಹಾಕಿ ಅಂತ ನೆನಪಿಸಲಾಯಿತು. ಏನೂ ಆಗಲಿಲ್ಲ. ವಾಟ್ಸ್ಯಾಪ್ ಫಾರ್ವರ್ಡ್‌ಗಿಂತ ಗೊತ್ತಿದ್ದ ಮೇಷ್ಟ್ರ ಒಂದು ಫೋನ್ ಮೇಲು ಅಂತ ನನಗನ್ನಿಸುವುದು ಇದಕ್ಕೇ.

ನಮ್ಮಲ್ಲಿ ನೋಡಬೇಕಾದ್ದು: ಟಿಸಿ, ಮಾರ್ಕ್ಸ್ ಕಾರ್ಡ್, ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರ. ಮಾರ್ಕ್ಸ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇವೆಯಾ ಅಂತ ಅಕ್ಷರ ಅಕ್ಷರ ನೋಡಿ. ಬ್ಯಾಂಕ್ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ನೇರ ಬರಲು ಖಾತೆಗೆ ಆಧಾರ್ ಜೋಡಿಸುವುದು) ಆಗಿದೆಯಾ ಅಂತಲೂ ಬ್ಯಾಂಕಿನಲ್ಲಿ ಕೇಳಿ. ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನ ಹಣ ಸಿಕ್ಕಿಕೊಳ್ಳುವುದು ಇಲ್ಲೇ.

ಬಸ್ ಪಾಸ್‌ಗೆ ಸೇವಾ ಸಿಂಧುವಿನಲ್ಲಿ ಅರ್ಜಿ. ಪಾಸೇನು ಮಹಾ ಅನ್ನಬೇಡಿ. ನ್ಯೂಯಾರ್ಕ್ ನಗರದ ಸಮುದಾಯ ಕಾಲೇಜುಗಳಲ್ಲಿ (ಎರಡು ವರ್ಷದ ಪದವಿ ಕೊಡುವ ಕಾಲೇಜುಗಳು) 2007ರಲ್ಲಿ ‘ಅಸಾಪ್’ ಎಂಬ ಕಾರ್ಯಕ್ರಮ ಶುರುವಾಯಿತು. ಸಲಹೆಗಾರರು, ಟ್ಯೂಷನ್, ಪುಸ್ತಕದ ನೆರವು, ಜೊತೆಗೆ ಬಸ್–ಮೆಟ್ರೊ ಕಾರ್ಡ್. ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಇದರಲ್ಲಿದ್ದವರಲ್ಲಿ ನೂರಕ್ಕೆ 40, ಇಲ್ಲದವರಲ್ಲಿ 22.

2. ಎರಡು ಕಾಲಂ ನೋಟ್‌ಬುಕ್ ಮಾಡಿಸಿ

ಇದಕ್ಕೆ ಯಾವ ಸಂಶೋಧನೆಯ ಹಂಗೂ ಇಲ್ಲ, ನನ್ನದೇ ಅನುಭವ. ನೂರು ಪುಟದ ಒಂದು ನೋಟ್‌ಬುಕ್, ಮಧ್ಯೆ ಒಂದು ಗೆರೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಪದ. ಜವ – ಸ್ಪೀಡ್. ವೇಗ – ವೆಲಾಸಿಟಿ. ಸಂವೇಗ – ಮೊಮೆಂಟಮ್. ಜಡತ್ವ – ಇನರ್ಷಿಯಾ. ಪತ್ರಹರಿತ್ತು – ಕ್ಲೋರೊಫಿಲ್. ಮಾತಿನಲ್ಲಿ ನಾವು ಸ್ಪೀಡ್‌ಗೂ ವೇಗ ಅಂತೀವಿ, ಅಲ್ವಾ? ಪಾಠದಲ್ಲಿ ಅವು ಬೇರೆ ಬೇರೆ, ಗೊಂದಲ ಅಲ್ಲೇ. ಹಳೇ ಹತ್ತನೇ ಕ್ಲಾಸ್ ಪುಸ್ತಕಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ದಿನಕ್ಕೆ ಹತ್ತು ಪದ ಸಾಕು. ಅರ್ಥ ಮೊದಲೇ ಗೊತ್ತಿರುತ್ತದೆ, ಹೆಸರಷ್ಟೇ ಹೊಸದು.

3. ಎಡವಿ ಎದ್ದ ಸೀನಿಯರ್ ಒಬ್ಬರನ್ನು ಭೇಟಿ ಮಾಡಿಸಿ

ರ‍್ಯಾಂಕ್ ಬಂದವರು ಬೇಡ. ಮೊದಲ ಟೆಸ್ಟ್‌ನಲ್ಲಿ ಮುಗ್ಗರಿಸಿ ಆಮೇಲೆ ಸುಧಾರಿಸಿಕೊಂಡವರು ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ‘ನಾನಿಲ್ಲಿಗೆ ಸಲ್ಲುವವನಲ್ಲ ಅಂತ ನಮಗೂ ಅನ್ನಿಸಿತ್ತು, ಆಮೇಲೆ ಹೋಯಿತು’ ಎನ್ನುವ ಸೀನಿಯರ್‌ಗಳ ಮಾತನ್ನು ಮೊದಲ ವರ್ಷದವರಿಗೆ ಓದಿಸಿದರು. ಮುಂದಿನ ವರ್ಷ ಬರುವವರಿಗಾಗಿ ತಮ್ಮ ಅನುಭವ ಬರೆಯಿರಿ ಅಂದರು. ಎಲ್ಲಾ ಸೇರಿ ಸುಮಾರು ಒಂದು ಗಂಟೆಯ ಕೆಲಸ. ಕಪ್ಪು ವಿದ್ಯಾರ್ಥಿಗಳ ಅಂಕ ಮುಂದಿನ ಮೂರು ವರ್ಷ ಏರುತ್ತಾ ಹೋಗಿ, ಬಿಳಿಯರ ಜೊತೆಗಿನ ಅಂತರ ಅರ್ಧಕ್ಕಿಳಿಯಿತು.

ಆದರೆ ಅದು ನೂರು ಜನರೂ ಇಲ್ಲದ ಪ್ರಯೋಗ. 22 ಕಾಲೇಜುಗಳಲ್ಲಿ ಮಾಡಿ ನೋಡಿ 2023ರಲ್ಲಿ ಪ್ರಕಟಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಅಂಥ ಮಕ್ಕಳನ್ನು ಕಾಲೇಜು ನಿಜವಾಗಿಯೂ ತನ್ನವರು ಅಂತ ಒಳಗೆ ಬಿಟ್ಟುಕೊಂಡ ಕಡೆ ಮಾತ್ರ ಇದು ಕೆಲಸ ಮಾಡಿತು. ಲೆಕ್ಚರರ್‌ಗಳು ಇದನ್ನು ಗಮನಿಸಬೇಕು. ‘ಡೌಟ್ ಇದ್ರೆ ಕೇಳಿ’ ಅಂದು, ಕನ್ನಡದಲ್ಲಿ ಕೇಳಿದವನನ್ನು ನೋಡಿ ನಕ್ಕರೆ ಅವನು ಮತ್ತೆ ಕೈ ಎತ್ತುವುದಿಲ್ಲ.

4. ಮೂರು ನಾಲ್ಕು ಜನ ಸೇರಿ ಲೆಕ್ಕ ಮಾಡಲಿ

‘ಕೋಣೆ ಬಾಗಿಲು ಹಾಕಿಕೊಂಡು ಓದು’ ಅನ್ನುವುದು ನಮ್ಮ ಮನೆಗಳ ಹಳೇ ಮಂತ್ರ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತದ ಯೂರಿ ಟ್ರೈಸ್‌ಮನ್ ಕ್ಯಾಲ್ಕುಲಸ್ ಓದುವವರನ್ನು ಹತ್ತಿರದಿಂದ ನೋಡಿದರು. ಕಪ್ಪು ವಿದ್ಯಾರ್ಥಿಗಳು ಹಗಲು ರಾತ್ರಿ ಒಬ್ಬೊಬ್ಬರೇ ಕೂತು ಓದಿಯೂ ಫೇಲಾಗುತ್ತಿದ್ದರು. ಚೀನೀ ಮೂಲದವರು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಾ, ತಪ್ಪು ಎಲ್ಲಿ ಅಂತ ಜಗಳ ಆಡುತ್ತಾ ಪಾಸಾಗುತ್ತಿದ್ದರು. ಮೊದಲಿನವರಿಗೂ ಗುಂಪು ಕಟ್ಟಿ, ಸುಲಭದ ಲೆಕ್ಕದ ಬದಲು ಕಷ್ಟದ್ದನ್ನೇ ಕೊಟ್ಟರು. ಫಲಿತಾಂಶ ಬದಲಾಯಿತು. ಭಾನುವಾರ ಮಕ್ಕಳು ನಿಮ್ಮ ಮನೆ ಜಗಲಿಯಲ್ಲಿ ಗಲಾಟೆ ಮಾಡುತ್ತಾ ಲೆಕ್ಕ ಮಾಡಿದರೆ ಗದರಬೇಡಿ, ಮಂಡಕ್ಕಿ ಕೊಡಿ.

5. ಮೊದಲ ಟೆಸ್ಟ್ ಆದ ದಿನ

‘ಎಷ್ಟು ಬಂತು?’ ಒಂದನ್ನು ಬಿಟ್ಟು ಬೇರೆ ಏನಾದರೂ ಕೇಳಿ. ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ತಪ್ಪಾದ ಪ್ರತಿ ಪ್ರಶ್ನೆಗೂ ಗುರುತು ಹಾಕಿಸಿ: ಉತ್ತರ ಗೊತ್ತಿರಲಿಲ್ಲ; ಗೊತ್ತಿತ್ತು ಆದರೆ ಇಂಗ್ಲಿಷಿನಲ್ಲಿ ಬರೆಯಲಾಗಲಿಲ್ಲ; ಪ್ರಶ್ನೆಯೇ ಅರ್ಥವಾಗಲಿಲ್ಲ. ಕೊನೆಯ ಎರಡೇ ಜಾಸ್ತಿ ಇದ್ದರೆ ತೊಂದರೆ ಭಾಷೆಯದು, ನೋಟ್‌ಬುಕ್ಕಿಗೆ ಹಿಂದಿರುಗಿ. ಮೊದಲನೆಯದೇ ಜಾಸ್ತಿ ಇದ್ದು, ಸೈನ್ಸ್ ತೆಗೆದುಕೊಂಡದ್ದೇ ನಿಮ್ಮ ಒತ್ತಾಯಕ್ಕೆ ಆಗಿದ್ದರೆ, ಕಾಂಬಿನೇಷನ್ ಬದಲಿಸಲು ಇನ್ನೂ ಸಮಯ ಇದೆಯಾ ಅಂತ ಪ್ರಿನ್ಸಿಪಾಲರನ್ನು ಕೂಡಲೇ ಕೇಳಿ.

ಊಟ ಬಿಟ್ಟರೆ, ನಿದ್ದೆ ಬರದಿದ್ದರೆ, ಕಾಲೇಜು ಅಂದ ಕೂಡಲೇ ಹೊಟ್ಟೆನೋವು ಅಂದರೆ ಮಾರ್ಕ್ಸ್ ಮಾತು ಆಮೇಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.